ಪಾಠಕ್ಕೆ ಅಡ್ಡವಾದ ಮೀಸೆ

"ಮೀಸೆ ಕತ್ತರಿಸ್ಬೇಕಾ? ನಾನಾ?"

ಹೆಡ್ ಮೇಡಂ ಕೋಣೆಯಲ್ಲಿ ಕೂತಿದ್ದ ಭಾಷಾ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಅದು ಸಾಮಾನ್ಯ ಮೀಸೆಯಲ್ಲ. ಮೂಗಿನ ಕೆಳಗೆ ಹುಟ್ಟಿ, ಮೇಲ್ತುಟಿಯನ್ನು ನುಂಗಿ, ಕೆಳತುಟಿಯ ಮೇಲೂ ಹಕ್ಕು ಸಾಧಿಸಿ ಕೆನ್ನೆಗಳವರೆಗೆ ಹಬ್ಬಿತ್ತು. ಊಟದ ಹೊತ್ತಿನಲ್ಲಿ ಅವರು ಅದನ್ನು ಎಡಗೈಯಿಂದ ಎತ್ತಿ ಹಿಡಿದು ಬಲಗೈಯಿಂದ ತುತ್ತನ್ನು ಒಳಗೆ ಕಳಿಸುತ್ತಿದ್ದರು. ತುತ್ತಿಗೆ ದಾರಿ ಬಿಡಲು ಗೊತ್ತಿದ್ದ ಮನುಷ್ಯನಿಗೆ ಮಾತಿಗೂ ದಾರಿ ಬಿಡಬೇಕೆಂದು ಎಂದೂ ಹೊಳೆದಿರಲಿಲ್ಲ.

ಎದುರಿಗೆ ನಿಂತಿದ್ದವಳು ಬಸ್ ಕಂಡಕ್ಟರ್. ಒಂದು ಟ್ರಿಪ್ ಮುಗಿಸಿ ಇನ್ನೊಂದು ಹೊರಡುವುದರೊಳಗೆ ಹೆಗಲಿನ ಚೀಲದ ಸಮೇತ ಓಡಿ ಬಂದಿದ್ದಳು.

"ಪೂರ್ತಿ ಬೇಡ ಸಾರ್, ತುಟಿ ಕಾಣೋವಷ್ಟು ಸಾಕು. ನನ್ನ ಮಗಳಿಗೆ ಕಿವಿ ಕೇಳಿಸಲ್ಲ. ಎದುರಿಗಿರೋರ ತುಟಿ ನೋಡಿನೇ ಮಾತು ತಿಳ್ಕೊಳ್ಳೋದು. ಬೇರೆಯೋರ ಪಾಠ ಎಲ್ಲಾ ಅರ್ಥ ಆಗತ್ತೆ. ನಿಮ್ದೊಂದೇ..."

"ನನ್ನ ಪಾಠ ಅರ್ಥ ಆಗ್ಲಿಲ್ಲ ಅಂದ್ರೆ ಅದು ಅವಳ ತಲೆ ದೋಷ ಕಣಮ್ಮ, ನನ್ನ ಮೀಸೆ ದೋಷ ಅಲ್ಲ."

ಅದಕ್ಕೆ ಅವರ ಬಳಿ ಸಾಕ್ಷಿಯೂ ಇತ್ತು. ಉಕ್ತಲೇಖನದಲ್ಲಿ ಅವರು 'ಹೊಳೆ' ಎಂದಿದ್ದಕ್ಕೆ ಹುಡುಗಿ 'ಬಳೆ' ಎಂದು ಬರೆದಿದ್ದಳು. ಮೀಸೆಯ ಪೊದೆ ಅಲ್ಲಾಡಿದ್ದಷ್ಟೇ ಕಂಡ ಮಗು ಇನ್ನೇನು ತಾನೇ ಬರೆದೀತು? ಮೇಷ್ಟ್ರು ಅದನ್ನು ತರಗತಿಗೆಲ್ಲ ಓದಿ ಹೇಳಿ, ಎಲ್ಲರನ್ನೂ ನಗಿಸಿ, ಅವಳಿಗೆ 'ಬಳೆ' ಎಂದೇ ಹೆಸರಿಟ್ಟರು. ಈಗ ಅವಳನ್ನು ತರಗತಿಯಿಂದ ಎಬ್ಬಿಸಿ ವಿಶೇಷ ಕೊಠಡಿಗೆ ಕಳಿಸಬೇಕೆಂದು ಪಟ್ಟು ಹಿಡಿದಿದ್ದರು. ವಿಶೇಷ ಕೊಠಡಿ ಎಂದರೆ ಶಾಲೆಯ ಹಿಂಭಾಗದ ಸ್ಟೋರ್ ರೂಮು. ಕಾಲು ಮುರಿದ ಬೆಂಚುಗಳು, ಗಾಳಿ ಹೋದ ಚೆಂಡುಗಳು ಅಲ್ಲಿದ್ದವು. ಪಾಠ ಹೇಳಲು ಅಲ್ಲಿಗೆ ಯಾರೂ ಹೋಗುವುದಿಲ್ಲ ಎನ್ನುವುದೊಂದೇ ಅದರ ವಿಶೇಷ.

"ಇವತ್ತೇ ಯಾಕಮ್ಮ ಈ ರಗಳೆ? ಇನ್ನೇನು ಫೋಟೋದವರು ಬರ್ತಾರೆ," ಎಂದರು ಹೆಡ್ ಮೇಡಂ.

ಶಾಲೆಗೆ ಪ್ರಶಸ್ತಿ ಬಂದಿತ್ತು. ಯಾವ ಮಗುವನ್ನೂ ಹೊರಗಿಡದ ಶಾಲೆ ಎಂಬ ಪ್ರಶಸ್ತಿ! ಅದಕ್ಕಾಗಿ ಉದ್ದನೆಯ ಪ್ರಬಂಧ ಬರೆದು ಕಳಿಸಿದವರು ಇದೇ ಮೇಷ್ಟ್ರು. ಅದರ ತುಂಬ ಇದ್ದವಳು ಇದೇ ಹುಡುಗಿ. ಹಾಗಾಗಿ ಫೋಟೋಕ್ಕೂ ಅವಳೇ ಬೇಕಾಗಿತ್ತು.

"ಫೋಟೋಗೆ ನಿಲ್ಲಿಸ್ತೀನಿ ಮೇಡಂ. ಆದ್ರೆ ಅವಳನ್ನ ಕ್ಲಾಸಿಂದ ತೆಗೆಯಲ್ಲ ಅಂತ ಮಾತು ಕೊಡಿ. ಗೆಳತಿಯರನ್ನ ಬಿಟ್ಟು ಆ ಕತ್ತಲೆ ರೂಮಲ್ಲಿ ಕೂತ್ರೆ ನನ್ನ ಮಗಳು ಮಾತಾಡೋದನ್ನೂ ಮರೀತಾಳೆ."

"ಛೆ ಛೆ, ಅವಳು ನಮ್ಮ ಮಗು. ಎಲ್ಲಿಗೂ ಕಳಿಸಲ್ಲ," ಎಂದರು ಹೆಡ್ ಮೇಡಂ ಧಾರಾಳವಾಗಿ.

ಅಷ್ಟರಲ್ಲಿ ಫೋಟೋಗ್ರಾಫರ್ ಬಂದ. ಕ್ಯಾಮೆರಾದಲ್ಲಿ ಮೇಷ್ಟ್ರನ್ನು ನೋಡಿ ಮುಖ ಹಿಂಡಿದ.

"ಸಾರ್, ತಪ್ಪು ತಿಳೀಬೇಡಿ. ನೀವು ನಗ್ತಿದೀರೋ ಅಳ್ತಿದೀರೋ ಗೊತ್ತಾಗ್ತಿಲ್ಲ. ಪತ್ರಿಕೆ ಮುಖಪುಟದಲ್ಲಿ ಪೊರಕೆ ಅಚ್ಚಾದ ಹಾಗೆ ಕಾಣತ್ತೆ."

"ಮುಖಪುಟವಾ?"

"ಹೌದು ಸಾರ್. ಬಣ್ಣದಲ್ಲಿ."

ಮೇಷ್ಟ್ರು ಹೆಡ್ ಮೇಡಂ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡು ಹೊರಗೆ ಹೋದರು. ಮರಳಿ ಬಂದಾಗ ಮೂಗಿನ ಕೆಳಗೆ ತೆಳ್ಳನೆಯ ಗೆರೆಯೊಂದೇ ಉಳಿದಿತ್ತು. ಬಿಸಿಲು ಕಂಡಿರದ ತುಟಿಗಳು ಬಿಳಿಚಿಕೊಂಡಿದ್ದವು. ಕಂಡಕ್ಟರ್ ಆ ತುಟಿಗಳನ್ನೊಮ್ಮೆ ನೋಡಿ, ಚೀಲವನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು. ಮಗಳ ಜಾಗ ಉಳಿದರೆ ಅವಳಿಗೆ ಸಾಕಾಗಿತ್ತು.

ಫೋಟೋಗ್ರಾಫರ್ ಹುಡುಗಿಯನ್ನು ತರಗತಿಯಿಂದ ಕರೆಸಿ ಪಾಠದ ದೃಶ್ಯ ಜೋಡಿಸಿದ. ಮೇಷ್ಟ್ರು ಕುರ್ಚಿಯಲ್ಲಿ, ಅವರ ಎದುರಿಗೆ ಪುಸ್ತಕ ಹಿಡಿದ ಹುಡುಗಿ, ಅವಳ ಹಿಂದೆ ಹೆಗಲ ಮೇಲೆ ಕೈಯಿಟ್ಟು ಕರುಣೆ ಸೂಸುವ ಹೆಡ್ ಮೇಡಂ. ತಾಯಿಯನ್ನು ಮೇಷ್ಟ್ರ ಬೆನ್ನ ಹಿಂದೆ, ಬಾಗಿಲ ಬಳಿ ನಿಲ್ಲಿಸಿದರು. ಅವಳು ಫೋಟೋದಲ್ಲಿ ಬರುವುದು ಬೇಕಿರಲಿಲ್ಲ.

ಲೈಟು ಸರಿಪಡಿಸುವ ನಡುವೆ ಮೇಷ್ಟ್ರಿಗೆ ಹೆಡ್ ಮೇಡಂಗೆ ಏನೋ ಹೇಳಬೇಕೆನಿಸಿತು. ಬೆನ್ನ ಹಿಂದಿರುವ ತಾಯಿಗೆ ಕೇಳಿಸಬಾರದೆಂದು ಒಂದಿಷ್ಟೂ ಸದ್ದು ಮಾಡದೆ ಬರೀ ತುಟಿ ಆಡಿಸಿದರು. ಬಲು ಬುದ್ಧಿವಂತರು. ಹೆಡ್ ಮೇಡಂ ಸಣ್ಣಗೆ ತಲೆಯಾಡಿಸಿದರು.

ಹುಡುಗಿ ಪುಸ್ತಕ ಕೆಳಗಿಟ್ಟು ಎದ್ದು ನಿಂತಳು. ತನ್ನ ದನಿ ಎಷ್ಟು ಜೋರು ಎಂಬ ಅಂದಾಜು ಅವಳಿಗಿಲ್ಲ.

"ಅಮ್ಮಾ! ಸಾರ್ ಹೇಳಿದ್ದು ಗೊತ್ತಾಯ್ತು! ಇವತ್ತು ಎಲ್ಲಾ ಗೊತ್ತಾಯ್ತು!" ಮುಖ ಬೆಳಗಿತ್ತು. ಉಕ್ತಲೇಖನ ಒಪ್ಪಿಸುವವಳಂತೆ ಬಿಡಿಸಿ ಬಿಡಿಸಿ ಹೇಳಿದಳು: "ಫೋಟೋ ಮುಗೀಲಿ. ನಾಳೆಯಿಂದ ಬಳೆ ಸ್ಟೋರ್ ರೂಮಿಗೆ. ಅವಳ ಅಮ್ಮನಿಗೆ ಆಮೇಲೆ ಏನಾದ್ರೂ ಹೇಳಿದ್ರಾಯ್ತು."

ಕೊನೆಯ ಮಾತಿಗೆ ಬರುವಷ್ಟರಲ್ಲಿ ಅವಳಿಗೆ ಅದರ ಅರ್ಥವೂ ಹೊಳೆದಿತ್ತು. ಆದರೂ ಮೇಷ್ಟ್ರ ಕಡೆ ತಿರುಗಿ ಕೇಳಿದಳು, "ಒಂದೂ ತಪ್ಪಿಲ್ಲ ಅಲ್ವಾ ಸಾರ್?"

ಕಂಡಕ್ಟರ್ ಬಾಗಿಲ ಬಳಿಯಿಂದ ಬಂದು ಮಗಳ ಪಕ್ಕದಲ್ಲಿ ನಿಂತಳು. "ಹೇಳಿ ಸಾರ್. ನನಗೂ ಕೇಳಿಸೋ ಹಾಗೆ ಇನ್ನೊಂದ್ಸಲ ಹೇಳಿ."

ಮೇಷ್ಟ್ರ ಕೈ ರೂಢಿಯಂತೆ ಮೀಸೆ ತಿರುವಲು ಮೇಲೆ ಹೋಯಿತು. ತಿರುವಲು ಅಲ್ಲಿ ಏನೂ ಇರಲಿಲ್ಲ. ಅಂಗೈ ಹಾಗೇ ತುಟಿಗಳ ಮೇಲೆ ಕೂತಿತು.

ಕ್ಯಾಮೆರಾದ ಹಿಂದೆ ಬಗ್ಗಿದ್ದ ಫೋಟೋಗ್ರಾಫರ್ ತಲೆಯೆತ್ತದೆ ಕೂಗಿದ, "ಕೈ ತೆಗೀರಿ ಸಾರ್, ಬಾಯಿ ಕಾಣ್ತಿಲ್ಲ."