ಎರ್ರೆಮ್ಮನಿಗೆ ಸೊನ್ನೆ

ಕಳ್ಳನನ್ನು ಹಿಡಿಯುವ ದಿನ ಬೊಮ್ಮಯ್ಯ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ. ಕಳ್ಳ ಎದುರಿನ ಮಳಿಗೆಯಲ್ಲೇ ಕೂತಿದ್ದ. ಅವನ ಬಾಗಿಲಿನಿಂದ ಬೀದಿಯವರೆಗೆ ಜನ ನಿಂತಿದ್ದರು. ಬೊಮ್ಮಯ್ಯನ ಬಾಗಿಲಲ್ಲಿ ಒಂದು ನಾಯಿ ಮಲಗಿತ್ತು.

ಎಂಬತ್ತಾರನೇ ಇಸವಿಯಲ್ಲಿ, ಕಂಪ್ಯೂಟರ್ ಎಂದರೆ ಟಿ.ವಿ.ಯ ತಮ್ಮನಿರಬೇಕೆಂದು ಕೊಟ್ಟೂರಿನ ಜನ ತಿಳಿದಿದ್ದಾಗ, 'ಕಂಪ್ಯೂಟರ್ ಹೆಸರುಬಲ' ಎಂದು ಬೋರ್ಡು ಹಾಕಿದವನು ಬೊಮ್ಮಯ್ಯ. ದಾವಣಗೆರೆಯ ಯಾವುದೋ ಕಚೇರಿ ಬಾಗಿಲು ಹಾಕಿದಾಗ ಹರಾಜಿನಲ್ಲಿ ಹಿಡಿದು ತಂದ ಯಂತ್ರ. ಗಂಡಿನದೊಂದು, ಹೆಣ್ಣಿನದೊಂದು ಹೆಸರು ಹೊಡೆದರೆ, ಮೂವತ್ತಾರು ಗುಣಗಳಲ್ಲಿ ಎಷ್ಟು ಕೂಡುತ್ತವೆಂದು ಹೇಳುತ್ತಿತ್ತು. ಹುಟ್ಟಿದ ಗಳಿಗೆ ನೆನಪಿಟ್ಟವರು ಈ ಸೀಮೆಯಲ್ಲಿ ಕಡಿಮೆ. ಹೆಸರು ಮಾತ್ರ ಎಲ್ಲರಿಗೂ ಇತ್ತು. ಹಡಗಲಿ, ಕೂಡ್ಲಿಗಿ ಕಡೆಯಿಂದೆಲ್ಲ ಹೆಣ್ಣು ಹೆತ್ತವರು ಹುಡುಕಿಕೊಂಡು ಬಂದರು. ಈ ಪ್ರೋಗ್ರಾಮ್ ಬರೆಯಲು ತಾನೆಷ್ಟು ನಿದ್ದೆಗೆಟ್ಟೆ ಎಂಬ ಕಥೆಯನ್ನು ಬೊಮ್ಮಯ್ಯ ಬಂದವರಿಗೆಲ್ಲ ಹೇಳುತ್ತಿದ್ದ. ಪ್ರತಿ ಸಲ ನಿದ್ದೆ ಇನ್ನಷ್ಟು ಕೆಡುತ್ತಿತ್ತು.

ಆಮೇಲೆ ಪಾಲಣ್ಣ ಬಂದ. ಕಾಲೇಜಿಗೆ ವರ್ಗವಾಗಿ ಬಂದ ಲೆಕ್ಕದ ಮೇಷ್ಟ್ರು. ಸಂಜೆ ಎದುರಿನ ಮಳಿಗೆಯಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಿದ್ದ. ಅಷ್ಟಾದರೆ ಬೊಮ್ಮಯ್ಯನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅವನೂ ಹೆಸರುಬಲ ಹೇಳತೊಡಗಿದ. ಅದೇ ಮೂವತ್ತಾರು ಗುಣ, ಅದೇ ಪ್ರಶ್ನೆಗಳು, ಕೊನೆಗೆ ಅದೇ 'ಶುಭಮಸ್ತು'. ಬೊಮ್ಮಯ್ಯನದಕ್ಕಿಂತ ತುಸು ಬೇಗ ಬೇರೆ. ಎಲ್ಲಕ್ಕಿಂತ ದೊಡ್ಡ ಅನ್ಯಾಯವೆಂದರೆ, ಪುಕ್ಕಟೆ.

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ. ಮೊಮ್ಮಕ್ಕಳನ್ನು ಕಂಡ ಗಂಡಹೆಂಡಿರೂ ಹೋಗಿ ನೋಡಿಸಿಕೊಂಡು ಬಂದರು. ಎರಡು ಮನೆಗಳಲ್ಲಿ ಅದರಿಂದ ಜಗಳವೂ ಆಯಿತು.

ಬೊಮ್ಮಯ್ಯ ಪ್ರೋಗ್ರಾಮ್ ಇದ್ದ ಫ್ಲಾಪಿಗೆ ಕುಂಕುಮ ಹಚ್ಚಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಕದ್ದದ್ದು ಯಾವಾಗ, ಹೇಗೆ ಎಂದು ತಿಳಿಯಲಿಲ್ಲ. ತಿಳಿದದ್ದು ಒಂದೇ: ಈ ಮಳಿಗೆ ಹೋದರೆ ಹಗರಿಬೊಮ್ಮನಹಳ್ಳಿಯಲ್ಲಿ ಅಣ್ಣನ ಶೇಂಗಾ ಮಂಡಿಗೆ ಮರಳಿ, ಅತ್ತಿಗೆಯ ಕಣ್ಣೆದುರು ಚೀಲ ಹೊಲಿಯಬೇಕು. ಅದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಎರಡೂ ಮಳಿಗೆಗಳ ಒಡತಿ ತಿಪ್ಪೇರುದ್ರಮ್ಮ. ಅವನು ಅವಳ ಮುಂದೆ ದೂರು ಇಟ್ಟ.

"ಕದ್ದ ಮಾಲು ಇಟ್ಕೊಂಡವ ಯಾವನೇ ಆಗ್ಲಿ, ಮಳಿಗಿ ಬಿಡಬೇಕು," ಎಂದಳು ತಿಪ್ಪೇರುದ್ರಮ್ಮ. "ಆದ್ರ ಬಾಯಿ ಮಾತು ಬ್ಯಾಡ. ನಿಂದೇ ಅನ್ನಾಕ ಗುರುತೇನೈತಿ?"

ಗುರುತಿತ್ತು. ಬೊಮ್ಮಯ್ಯನ ಯಂತ್ರಕ್ಕೊಂದು ಕೆಟ್ಟ ಚಾಳಿ. ಹೆಣ್ಣಿನ ಹೆಸರು ಎರ್ರೆಮ್ಮ ಎಂದು ಹೊಡೆದರೆ, ಗಂಡು ಯಾರೇ ಇರಲಿ, ಸೊನ್ನೆ. ಹಾಗಾಗಿ ಎರ್ರೆಮ್ಮ ಹೆಸರಿನವರು ಬಂದರೆ ಕರೆಂಟಿಲ್ಲ ಎಂದು ಸಾಗಹಾಕುತ್ತಿದ್ದ. ಈ ಚಾಳಿ ಎದುರಿನ ಯಂತ್ರಕ್ಕೂ ಇದ್ದರೆ?

ಅಂದು ಸಂಜೆ ತಿಪ್ಪೇರುದ್ರಮ್ಮನನ್ನು ಮುಂದಿಟ್ಟುಕೊಂಡು ಪಾಲಣ್ಣನ ಮಳಿಗೆಗೆ ನುಗ್ಗಿದ.

"ಮೇಷ್ಟ್ರೇ, ಎರ್ರೆಮ್ಮ ಅಂತ ಹೊಡೀರಿ. ಗಂಡು ದುರುಗಪ್ಪ."

ಪಾಲಣ್ಣನ ಕಿವಿ ಕೆಂಪಾಯಿತು. ನೆಲ ನೋಡಿದ. ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದ ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಾಪ, ಗಂಡನ ಮಾನ ಹೋಗುವುದನ್ನು ನೋಡಲು ಯಾವ ಹೆಂಡತಿಗೆ ಮನಸ್ಸಾದೀತು?

ಪಾಲಣ್ಣ ಹೊಡೆದ. ಸೊನ್ನೆ.

"ಜೋಗಪ್ಪ ಹಾಕ್ರಿ."

ಸೊನ್ನೆ.

ಜನರೆಲ್ಲ ರಸ್ತೆ ದಾಟಿ ಬೊಮ್ಮಯ್ಯನ ಮಳಿಗೆಗೆ ಬಂದರು. ನಾಯಿ ಎದ್ದು ಹೋಯಿತು. ಅಲ್ಲೂ ದುರುಗಪ್ಪನಿಗೆ ಸೊನ್ನೆ, ಜೋಗಪ್ಪನಿಗೆ ಸೊನ್ನೆ.

"ನೋಡವ್ವಾ," ಎಂದ ಬೊಮ್ಮಯ್ಯ, ಸೊನ್ನೆಯತ್ತ ಬೆರಳು ತೋರಿಸುತ್ತ. "ನಾ ಬರೆಯೋವಾಗ ಆದ ತಪ್ಪಿದು. ತಪ್ಪಿನ ಸಮೇತ ಎತ್ಕೊಂಡು ಹೋಗ್ಯಾರ."

"ಏನಂತೀರಿ ಮೇಷ್ಟ್ರೇ?" ಎಂದು ತಿಪ್ಪೇರುದ್ರಮ್ಮ ಕೇಳಿದಳು.

"ಎರಡೂ ಒಂದೇ ತಾಯಿ ಮಕ್ಕಳರಿ," ಎಂದ ಪಾಲಣ್ಣ ಮೆಲ್ಲಗೆ. "ಅದರಾಗ ಸುಳ್ಳಿಲ್ಲ."

ತಿಪ್ಪೇರುದ್ರಮ್ಮ ಅವನ ಮಳಿಗೆಯ ಬೀಗದ ಕೈಗಾಗಿ ಅಂಗೈ ಚಾಚಿದಳು. ಚಾಚಿದವಳು ಯಾಕೋ ತಡೆದು, ಬೊಮ್ಮಯ್ಯನ ಕಡೆ ತಿರುಗಿದಳು. "ಅಲ್ಲಪ್ಪಾ, ಆ ಎರ್ರೆಮ್ಮಗ ಲೋಕದಾಗ ಒಬ್ಬ ಗಂಡೂ ಕೂಡಿ ಬರಂಗಿಲ್ಲೇನು?"

"ಒಬ್ಬನೂ ಇಲ್ಲವ್ವಾ. ಬರದಾವ ನಾನು, ನನಗ ಗೊತ್ತಿಲ್ಲೇನು?"

"ಒಂದು ಹೆಸರು ಉಳಿದೈತ್ರಿ," ಎಂದಳು ಮೇಷ್ಟ್ರ ಹೆಂಡತಿ.

"ಯಾವುದವ್ವಾ? ಹೇಳು, ಹೊಡೀತಾನ."

ಅವಳು ಹೇಳಲಿಲ್ಲ. ಬುತ್ತಿ ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಬೊಮ್ಮಯ್ಯನ ಕುರ್ಚಿಯಲ್ಲಿ ಕೂತಳು. ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಅದು ಅವಳು ಬಾಯಿಂದ ಹೇಳಬಾರದ ಹೆಸರು. ಬೆರಳಿಂದ ಒತ್ತಬಾರದೆಂದು ಹಿರಿಯರು ಯಾರೂ ಹೇಳಿರಲಿಲ್ಲ.

ಯಂತ್ರ ಕೊಂಚ ಹೊತ್ತು ಗುರುಗುಟ್ಟಿತು. ಆಮೇಲೆ ಮೂವತ್ತಾರಕ್ಕೆ ಮೂವತ್ತಾರು ಕೊಟ್ಟಿತು.

ತಿಪ್ಪೇರುದ್ರಮ್ಮನಿಗೆ ಓದು ಬಾರದು. "ಯಾರ ಹೆಸರದು?" ಎಂದಳು.

ಓದಬೇಕಾದವನು ಬೊಮ್ಮಯ್ಯನೇ. ಎಣ್ಣೆ ಹಚ್ಚಿದ ತಲೆಯಿಂದ ಬೆವರು ಇಳಿಯುತ್ತಿತ್ತು. "ಪಾಲಣ್ಣ," ಎಂದ.

"ಮತ್ತ ನಿನ್ನ ಹೆಸರೇನವ್ವಾ?"

"ಎರ್ರೆಮ್ಮ ರೀ," ಎಂದಳು ಮೇಷ್ಟ್ರ ಹೆಂಡತಿ, ಬುತ್ತಿ ಎತ್ತಿಕೊಳ್ಳುತ್ತ. "ನಮ್ಮಪ್ಪ ತಂದ ಗಂಡುಗಳಿಗೆಲ್ಲ ಸೊನ್ನಿ ಬರ್ಲಿ ಅಂತನ ಇವರು ದಾವಣಗೆರ್ಯಾಗ ಕಚೇರಿ ಕೆಲಸಕ್ಕಿದ್ದಾಗ ಇದನ್ನ ಬರದಿದ್ದು."