ಎಮೆಟ್ ಡಗನ್‌ನ ಅಸಲಿ ಸಹಿ

ಆಲ್ಟೂನಾ ಪಟ್ಟಣದ ಅಗ್ನಿಶಾಮಕ ದಳದ ಹಾಲ್‌ನಲ್ಲಿ, ಆಟಗಾರರ ಫೋಟೋ ಅಚ್ಚು ಹಾಕಿದ ಹಳೆಯ ಬೇಸ್‌ಬಾಲ್ ಕಾರ್ಡುಗಳ ಸಂತೆ. ಎಮೆಟ್ ಡಗನ್ ಟಿಕೆಟ್ ತೆಗೆದುಕೊಂಡು ಒಳಗೆ ಬಂದಾಗ, ಎಮೆಟ್ ಡಗನ್ ಆಗಲೇ ಒಳಗೆ ಕುಳಿತು ಸಹಿ ಹಾಕುತ್ತಿದ್ದ.

ಮೇಜಿನ ಮುಂದಿನ ಹಲಗೆಯ ಮೇಲೆ ಆ ಹೆಸರೇ ಇತ್ತು. ಹಿಂದೆ ಕುಳಿತಿದ್ದವನು ವರ್ಜಿಲ್ ಕ್ರಾಂಟ್ಸ್. ಒಂದು ಕಾಲದಲ್ಲಿ ಎಮೆಟ್‌ನ ತಂಡದಲ್ಲೇ ಇದ್ದು, ಒಂದು ಪಂದ್ಯವನ್ನೂ ಆಡದೆ ಮನೆಗೆ ಹೋದವನು. ಆ ವರ್ಷ ಚೂಯಿಂಗ್ ಗಮ್ ಜೊತೆ ಬಂದ ಕಾರ್ಡಿನಲ್ಲಿ ಮುದ್ರಣದವರು ಎಮೆಟ್‌ನ ಹೆಸರು ಹಾಕಿ, ಮೇಲೆ ವರ್ಜಿಲ್‌ನ ಫೋಟೋ ಅಚ್ಚು ಹಾಕಿಬಿಟ್ಟಿದ್ದರು. ಯಾರೂ ತಿದ್ದಲಿಲ್ಲ. ಮರುವರ್ಷ ಭುಜ ಕೆಟ್ಟು ಎಮೆಟ್ ಆಟ ಬಿಟ್ಟ. ಅವನ ಹೆಸರಿನಲ್ಲಿ ಬಂದದ್ದು ಅದೊಂದೇ ಕಾರ್ಡು. ಸಾಯುವ ಮೊದಲು ಒಮ್ಮೆ, ನಾಲ್ಕು ಜನರ ಎದುರಿಗೆ, ಅದರ ಮೇಲೆ ತನ್ನ ಸಹಿ ಹಾಕಬೇಕೆಂದು ಅವನು ದೂರದಿಂದ ಬಂದಿದ್ದ. ಏನು ಮಾಡುವುದೆಂದು ತೋಚದೆ ಸಾಲಿನಲ್ಲಿ ನಿಂತ.

ಅವನ ಸರದಿ ಬಂದಾಗ ವರ್ಜಿಲ್‌ನ ಪೆನ್ನು ನಿಂತಿತು. "ಲೋ ಎಮೆಟ್. ನೀನಿನ್ನೂ ಇದ್ದೀಯೇನೋ?"

"ಅದನ್ನ ನಾನು ನಿನ್ನ ಕೇಳ್ಬೇಕು. ಎಮೆಟ್ ಅಂತ ಕೂತಿರೋನು ನೀನು."

"ನಾನೇನ್ ಮಾಡ್ಲಿ? ಕ್ಷೌರದಂಗಡಿಗೆ ಹೋದ್ರೂ ಎಮೆಟ್, ಎಮೆಟ್ ಅಂತ ಕಾರ್ಡ್ ಹಿಡ್ಕೊಂಡು ಬರ್ತಾರೆ. ಮೊದಮೊದ್ಲು ನಾನಲ್ಲ ಅಂತಿದ್ದೆ. ಎಷ್ಟು ಜಂಬ ನೋಡು ಅಂತ ಬೈದ್ರು. ಆಮೇಲಿಂದ ಕೇಳ್ದೋರಿಗೆಲ್ಲ ನಿನ್ನ ಹೆಸರೇ ಹಾಕಿ ಕೊಡ್ತಿದೀನಿ."

ಎಮೆಟ್‌ನ ಹಿಂದೆ ನಿಂತಿದ್ದ ಡೋರೀನ್ ಎಂಬಾಕೆ ಆ ವರ್ಷದ ಕಾರ್ಡುಗಳ ಇಡೀ ಸೆಟ್‌ಗೆ ಆಟಗಾರರ ಸಹಿ ಹಾಕಿಸಿಕೊಂಡಿದ್ದಳು. ಉಳಿದಿದ್ದು ಇದೊಂದೇ. ಎಮೆಟ್ ತೋರಿಸಿದ ಡ್ರೈವಿಂಗ್ ಲೈಸೆನ್ಸನ್ನೂ ತನ್ನ ಕಾರ್ಡನ್ನೂ ಅವಳು ಪಕ್ಕಪಕ್ಕ ಹಿಡಿದು ನೋಡಿದಳು.

"ಹೆಸರೇನೋ ಅದೇ ಇದೆ ಯಜಮಾನ್ರೆ. ಮುಖ ಹೊಂದ್ತಾ ಇಲ್ವಲ್ಲ."

"ಕಾರ್ಡೇ ತಪ್ಪಮ್ಮ."

"ಗೊತ್ತು. ತಪ್ಪಿದೆ ಅಂತಾನೇ ಹುಡುಕಿ ತಗೊಂಡಿರೋದು. ನೀವು ಬಂದು ಸರಿ ಮಾಡ್ಬಿಟ್ರೆ ನನ್ನ ಸೆಟ್ ಗತಿಯೇನು?"

ಗಲಾಟೆ ಕೇಳಿ ಸಹಿ ಪರೀಕ್ಷಕ ಲೆಸ್ಟರ್ ಭೂತಗನ್ನಡಿ ಹಿಡಿದುಕೊಂಡು ಬಂದ. ಸಂತೆಯಲ್ಲಿ ಯಾವ ಸಹಿ ಅಸಲಿ, ಯಾವುದು ನಕಲಿ ಎಂದು ಹೇಳುವವನು ಅವನು. ಅವನ ಮಾತಿಗೆ ಎದುರಿಲ್ಲ. ಹಾಲ್‌ನಲ್ಲಿದ್ದವರಿಂದ ಎಮೆಟ್ ಡಗನ್‌ನ ಹಳೆಯ ಸಹಿಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಹರಡಿದ. ಇಬ್ಬರಿಗೂ ಕಾಗದ ಕೊಟ್ಟು ಬರೆಯಲು ಹೇಳಿದ. ಎಮೆಟ್ ಶಾಲೆಯಲ್ಲಿ ಕಲಿತ ಹಾಗೆ ದುಂಡಗೆ ಬರೆದ. ಒಂದೊಂದೇ ಅಕ್ಷರ ನಿಧಾನವಾಗಿ ಕೂಡಿಸಿದ. ವರ್ಜಿಲ್ ಕಾಗದವನ್ನು ನೋಡದೆಯೇ ಗೀಚಿದ.

"ಇದು ಅಸಲಿ," ಎಂದು ಲೆಸ್ಟರ್ ವರ್ಜಿಲ್‌ನ ಕಾಗದ ಎತ್ತಿದ. "ಹಳೇ ಸಹಿಗಳಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ." ಆಮೇಲೆ ಎಮೆಟ್‌ನ ಕಡೆ ತಿರುಗಿದ. "ಇದು ನಕಲಿ. ಅದೂ ನೆಟ್ಟಗೆ ಮಾಡಿಲ್ಲ. ವಯಸ್ಸಾದೋರು ಅಂತ ಸುಮ್ನೆ ಬಿಡ್ತಿದೀನಿ."

"ಅದು ನನ್ನ ಹೆಸರಪ್ಪಾ."

"ಸಿಕ್ಕಿಬಿದ್ದೋರೆಲ್ಲ ಹೇಳೋದು ಅದನ್ನೇ."

ಡೋರೀನ್ ಸಮಾಧಾನದ ಉಸಿರು ಬಿಟ್ಟು ಕಾರ್ಡನ್ನು ಮುಂದಿಟ್ಟಳು. ವರ್ಜಿಲ್ ಸಹಿ ಹಾಕಿದ. ಎಮೆಟ್ ಹೊರಡಲು ತಿರುಗಿದ್ದನ್ನು ಕಂಡು ಅವನಿಗೆ ಪಾಪ ಅನ್ನಿಸಿತು. ಪಕ್ಕದ ಕುರ್ಚಿ ಎಳೆದ.

"ಹೋಗ್ಬೇಡ್ವೋ, ಕೂತ್ಕೋ. ನನ್ನ ಹೆಸರು ಖಾಲಿ ಬಿದ್ದಿದೆ, ಯಾರೂ ಕೇಳೋರಿಲ್ಲ. ಬೇಕಾದ್ರೆ ನೀನು ಅದನ್ನ ಹಾಕು."

ಎಮೆಟ್‌ಗೆ ಸಿಟ್ಟು ನೆತ್ತಿಗೇರಿತು. ಪೆನ್ನು ಕಸಿದುಕೊಂಡು, ಡೋರೀನ್‌ಳ ಕಾರ್ಡಿನ ಮೇಲೆ, ಸಹಿಯ ಕೆಳಗೇ, 'ವರ್ಜಿಲ್ ಕ್ರಾಂಟ್ಸ್' ಎಂದು ಒತ್ತಿ ಬರೆದ. "ಅಯ್ಯೋ ನನ್ನ ಕಾರ್ಡು!" ಎಂದು ಡೋರೀನ್ ಕೂಗಿದಳು.

ಲೆಸ್ಟರ್ ಅದರ ಮೇಲೆ ಭೂತಗನ್ನಡಿ ಇಟ್ಟು ಬಹಳ ಹೊತ್ತು ಬಗ್ಗಿ ನಿಂತ. "ಈ ಮನುಷ್ಯನ ಸಹಿ ಇದುವರೆಗೆ ಯಾರ ಹತ್ರಾನೂ ಸಿಕ್ಕಿಲ್ಲ," ಎಂದ ಮೆಲ್ಲಗೆ. "ಹೋಲಿಸಿ ನೋಡೋಕೆ ಇನ್ನೊಂದಿಲ್ಲ. ಅಂದ್ಮೇಲೆ ಇದೇ ಅಸಲಿ."

ಅವನು ಅಸಲಿ ಎಂದು ಸಾರುವ ಬೆಳ್ಳಿ ಬಣ್ಣದ ಚೀಟಿ ಅಂಟಿಸಿದ್ದೇ ತಡ, ಸಾಲು ಇಡಿಯಾಗಿ ಎಮೆಟ್‌ನ ಕುರ್ಚಿಯ ಕಡೆ ಸರಿಯಿತು. ಡೋರೀನ್ ಕಾರ್ಡನ್ನು ಎದೆಗೊತ್ತಿಕೊಂಡು ಹೊರಟಳು. ಎಮೆಟ್ ಮೊದಲು ಬೇಡವೆಂದ, ಆಮೇಲೆ ಕುಳಿತ, ವರ್ಜಿಲ್‌ನ ಹೆಸರಿನಲ್ಲೇ ಒಂದರ ಹಿಂದೊಂದು ಸಹಿ ಹಾಕತೊಡಗಿದ. ಈಗ ಅವನೂ ಕಾಗದ ನೋಡದೆಯೇ ಗೀಚುತ್ತಿದ್ದ.

ತನ್ನ ಮುಂದೆ ಯಾರೂ ಇಲ್ಲದ್ದನ್ನು ನೋಡಿ ವರ್ಜಿಲ್‌ಗೆ ದಿಗಿಲಾಯಿತು. ಕೈ ಒರೆಸುವ ಕಾಗದದ ಮೇಲೆ 'ವರ್ಜಿಲ್ ಕ್ರಾಂಟ್ಸ್' ಎಂದು ತನ್ನ ಹೆಸರನ್ನು ತಾನೇ ಬರೆದು ನೋಡಿದ. ಮತ್ತೊಮ್ಮೆ ಬರೆದ. ಕೊನೆಗೆ ಅದನ್ನು ಎಮೆಟ್‌ನ ಮುಂದೆ ತಳ್ಳಿದ.

"ಸರಿಯಾಗಿದೆಯೇನೋ?"

ಎಮೆಟ್ ಕನ್ನಡಕ ಸರಿಮಾಡಿಕೊಂಡು ನೋಡಿದ.

"ಕೊನೇ ಅಕ್ಷರದ ಬಾಲ ಇನ್ನೊಂಚೂರು ಕೆಳಗೆ ಬರ್ಬೇಕು."