ಹಣೆಯ ಮಸಿ

ಗಣಿಯವನಿಗೆ ಪದವಿ ಬಂದರೆ ಮಟಮಟ ಮಧ್ಯಾಹ್ನ ಲಾಟೀನು ಹಿಡಿದನಂತೆ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

"ಟೋಪಿ ತೆಗೀರೋ! ಗೋಡೆಗೆ ನಿಲ್ರೋ!"

ಗಣಿಗಳ ನಲೋನ್ ಕಣಿವೆಯಲ್ಲಿ ಓಲ್ವಿದೋಳ ಹೆಂಡದಂಗಡಿಗೆ ಮಟಮಟ ಮಧ್ಯಾಹ್ನ ಕ್ಯಾಪ್ಟನ್ ನುಗ್ಗಿದ್ದ. ಸ್ಪೇನಿನ ಅಂತರ್ಯುದ್ಧದಲ್ಲಿ ಗೆದ್ದ ಕಡೆಯವನು. ಹುಡುಕುತ್ತಿದ್ದುದು ಸೋತ ಕಡೆಯ ದಳಪತಿ ಲಾವ್ರೆಯಾನೊನನ್ನು. ಕಲ್ಲಿದ್ದಲು ಕಡಿಯುತ್ತಿದ್ದವನು, ಯುದ್ಧ ಬಂದಾಗ ಸಾವಿರ ಬಂದೂಕುಗಳ ನಾಯಕನಾದವನು. ಸಿಕ್ಕರೆ ಗುಂಡು. ಗುರುತು ಒಂದೇ: ಹಣೆಯಲ್ಲಿ ನೀಲಿ ಗೀರು. ಗಾಯದೊಳಗೆ ಇದ್ದಲ ಪುಡಿ ಸೇರಿ ಮಾಯ್ದರೆ ಆ ನೀಲಿ ಗೋರಿಯವರೆಗೂ ಜೊತೆಗೇ.

ಸಿಪಾಯಿಗಳು ಒಂದೊಂದೇ ಹಣೆ ಎತ್ತಿ ನೋಡಿದರು. ಎಲ್ಲರೂ ಗಣಿಯವರೇ: ಕೈಗಳಲ್ಲಿ ನೀಲಿ, ಕತ್ತುಗಳಲ್ಲಿ ನೀಲಿ. ಹಣೆಗಳು ಮಾತ್ರ ಬೋಳು.

ಕೊನೆಯವನು ಒಲೆಯ ಪಕ್ಕದ ನೋಲೊ. ಚಳಿಗಾಲದಿಂದೀಚೆಗೆ ಅಂಗಡಿಯ ಕೋಡಂಗಿ. ಪಾದ್ರಿಯಿಂದ ಹೇಸರಗತ್ತೆಯವರೆಗೆ ಯಾರನ್ನೂ ಅಣಕಿಸದೆ ಬಿಟ್ಟವನಲ್ಲ. ಸಿಪಾಯಿ ಹತ್ತಿರ ಬರುವಷ್ಟರಲ್ಲಿ ಒಲೆಯತ್ತ ತಿರುಗಿದ. ಟೋಪಿ ಕಿತ್ತ, ಇದ್ದಿಲಿನಿಂದ ಹಣೆಗೊಂದು ಗೆರೆ ಎಳೆದ, ಗೋಡೆಯ ಲಾಟೀನು ಎತ್ತಿ ಹಿಡಿದು ಎದೆಯುಬ್ಬಿಸಿ ಬಂದ.

"ಯಾರನ್ನ ಹುಡುಕ್ತಿದೀರಿ ಸಾಹೇಬ್ರೇ? ನನ್ನನ್ನೇ ತಾನೆ?"

ಕ್ಯಾಪ್ಟನ್ ಕಣ್ಣು ಕಿರಿದಾಯಿತು. ಮರುಕ್ಷಣ ಗಹಗಹಿಸಿ ನಕ್ಕ.

"ಲೋ ಕೋಡಂಗಿ! ಅವನ ಕೊನೇ ಅಪ್ಪಣೆ ಹೇಳೋ! ಓಡಿಹೋಗೋ ಮುಂಚೆ ಹೇಳಿದ್ನಂತಲ್ಲ, ಅದು!"

ಆ ಅಪ್ಪಣೆ ಕಣಿವೆಗೆಲ್ಲ ಗೊತ್ತಿತ್ತು. ನೋಲೊ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಒಂದು ಗಳಿಗೆ ಸೇತುವೆ ಹಿಡ್ಕೊಂಡಿರ್ರೋ ಮಕ್ಕಳಾ! ಬಂದೇ ಬರ್ತೀನಿ!"

ಓಲ್ವಿದೋ ಕೈಯ ಹೂಜಿಯನ್ನು ಕೆಳಗಿಟ್ಟಳು. ಆ ಸೇತುವೆಯ ಮೇಲೆ ಕಾದವರಲ್ಲಿ ಅವಳ ಮಗನೂ ಒಬ್ಬ. ಹೆಣವೂ ಸಿಕ್ಕಿರಲಿಲ್ಲ.

"ಥೂ, ಸರಿಬರ್ಲಿಲ್ಲ ಕಣೋ! ಅವನ ದನಿ ಇನ್ನೂ ಗಡುಸಂತೆ," ಎಂದ ಕ್ಯಾಪ್ಟನ್. "ಏನಮ್ಮಾ, ನೀನು ನೋಡಿದೀಯಲ್ಲ ಅವನನ್ನ? ಹೋಲ್ತಾನಾ ಇವ್ನು?"

ಓಲ್ವಿದೋ ನೋಲೊನನ್ನೇ ದಿಟ್ಟಿಸಿದಳು. ಅವನು ಲಾಟೀನನ್ನು ಇನ್ನಷ್ಟು ಮೇಲೆತ್ತಿದ.

"ಎಲ್ಲಿಯ ಹೋಲಿಕೆ ಸಾಹೇಬ್ರೇ?" ಎಂದಳು. "ಅವನನ್ನ ನಾವು ಗಂಡಸು ಅಂದ್ಕೊಂಡಿದ್ವಿ."

ಅಂಗಡಿಗೆ ಅಂಗಡಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕ್ಯಾಪ್ಟನ್. ಕೋಡಂಗಿಯ ಬೆನ್ನಿಗೊಂದು ಗುದ್ದಿ, ಕಣ್ಣೊರೆಸಿಕೊಳ್ಳುತ್ತ ಹೊರಟ. ರಸ್ತೆಯ ತಿರುವಿನವರೆಗೂ ಅವನ ನಗು ಕೇಳುತ್ತಲೇ ಇತ್ತು.

"ಬಾ ಇಲ್ಲಿ," ಎಂದಳು ಓಲ್ವಿದೋ. ಒದ್ದೆ ಬಟ್ಟೆಯಿಂದ ಅವನ ಹಣೆಯನ್ನು ಚರ್ಮ ಕಿತ್ತುಬರುವಂತೆ ತಿಕ್ಕಿದಳು.

ಮಸಿ ಹೋಯಿತು. ಅದರಡಿಯ ನೀಲಿ ಹೋಗಲಿಲ್ಲ.